ಆರೂವರೆಗೆ ಓದುವ ಮನೆ

ತಾಪತ್ರಯ ಶುರುವಾದದ್ದು ಒಂದು ಅರ್ಜಿಯ ನಾಲ್ಕನೆಯ ಪ್ರಶ್ನೆಯಿಂದ. 'ಮನೆಯಲ್ಲಿ ಟಿವಿ ಇದೆಯೇ?' ಒಟ್ಸಿಲೆ ಪೆನ್ನಿನ ತುದಿಯನ್ನು ಕಚ್ಚಿ, ಎರಡು ನಿಮಿಷ ಚಾವಣಿ ನೋಡಿ, ಕೊನೆಗೆ ಧೈರ್ಯ ಮಾಡಿ 'ಇಲ್ಲ' ಎಂದು ಬರೆದ. ಹಾಗೆ ಬರೆಯುವಾಗ ಅವನ ಬೆನ್ನ ಹಿಂದೆಯೇ ಟಿವಿ ಇಡೀ ಬೀದಿಗೆ ಕೇಳುವಂತೆ ಹವಾಮಾನದ ವರದಿ ಒದರುತ್ತಿತ್ತು.

ಒಟ್ಸಿಲೆ ಸ್ವಭಾವದಲ್ಲಿ ಸುಳ್ಳುಗಾರನಲ್ಲ. ಮಹಲಾಪ್ಯೆ ಊರಿನ ಜೋಳದ ಗೋದಾಮಿನಲ್ಲಿ ಹದಿನೇಳು ವರ್ಷದಿಂದ ತೂಕದ ಗುಮಾಸ್ತ. ತಕ್ಕಡಿ ಮುಂದೆ ನಿಂತರೆ ಸ್ವಂತ ತಾಯಿಗೂ ಒಂದು ಹಿಡಿ ಹೆಚ್ಚು ಹಾಕದವನು. ಅವನ ಕೈಯಲ್ಲಿ ಸುಳ್ಳು ಬರೆಸಿದ್ದು ಹೆಮ್ಮೆ. ಶಾಲೆಗೆ ಡಿಸೆಂಬರ್ ರಜೆ ಕೊಡುವ ದಿನ ಅವನ ಹನ್ನೊಂದು ವರ್ಷದ ಮಗಳು ಬೊಯಿಪೆಲೊ, ಓದುವುದರಲ್ಲಿ ಇಡೀ ಜಿಲ್ಲೆಗೇ ಮೊದಲಿಗಳು ಎಂದು ಬಹುಮಾನ ತಗೊಂಡಿದ್ದಳು. ಚಪ್ಪಾಳೆ ನಿಲ್ಲುವ ಮೊದಲೇ ಒಟ್ಸಿಲೆಯ ಭಾವಮೈದುನ ಪಕ್ಕದಲ್ಲಿದ್ದವರಿಗೆ ಹೇಳಿದ್ದು ಅವನ ಕಿವಿಗೆ ಬಿತ್ತು: "ಈ ಬುದ್ಧಿ ನಮ್ಮ ಕಡೆಯಿಂದ ಬಂದದ್ದು. ಅವರಪ್ಪ ಓದೋದು ಮೂಟೆ ಮೇಲಿನ ನಂಬರ್ ಮಾತ್ರ."

ಅದೇ ವಾರ ಊರಿನ ಗ್ರಂಥಾಲಯದವರು 'ರಜೆಯ ಓದುವ ಮನೆ' ಎಂಬ ಸ್ಪರ್ಧೆ ಇಟ್ಟರು. ಗೆದ್ದ ಮನೆಯ ಗೇಟಿಗೆ ಹಿತ್ತಾಳೆಯ ಫಲಕ, ಜೊತೆಗೆ ಒಂದು ಪೆಟ್ಟಿಗೆ ಹೊಸ ಪುಸ್ತಕ. ಒಟ್ಸಿಲೆ ಯಾರಿಗೂ ಹೇಳದೆ ಅರ್ಜಿ ತುಂಬಿದ. ಮನೆಯವರೆಲ್ಲ ದಿನಾ ಸಂಜೆ ಮೌನವಾಗಿ ಓದುತ್ತೇವೆ, ನನ್ನ ಎಂಬತ್ತು ವರ್ಷದ ತಾಯಿಯೂ ಓದುತ್ತಾರೆ, ಟಿವಿ ಇಲ್ಲ.

ಶನಿವಾರ ಬೆಳಿಗ್ಗೆ ಮಗ್ವಿನ್ಯಾ ಎಂಬ ಹಿಟ್ಟಿನ ಉಂಡೆ ಕರಿದ ಘಮದ ನಡುವೆ ಫೋನು ಬಂತು. ಗ್ರಂಥಪಾಲಕಿ ಮ್ಮಾ ಮೊಗಾಪಿ. ಆ ಊರಿನಲ್ಲಿ ಹೆಂಗಸರನ್ನು ಗೌರವದಿಂದ 'ಮ್ಮಾ' ಎಂದೂ ಗಂಡಸರನ್ನು 'ರ‍್ರಾ' ಎಂದೂ ಕರೆಯುವುದು ರೂಢಿ.

"ಒಟ್ಸಿಲೆಯವರೇ, ಇವತ್ತು ಸಂಜೆ ಆರಕ್ಕೆ ನಿಮ್ಮನೆಗೆ ಬರ್ತೀನಿ. ಎಲ್ಲರೂ ಮನೇಲೇ ಇರಿ. ಬರೆದಿದ್ದನ್ನ ಕಣ್ಣಾರೆ ನೋಡ್ಬೇಕು ಅನ್ನೋದು ನಮ್ಮ ನಿಯಮ."

ಫೋನು ಇಟ್ಟಾಗ ಒಟ್ಸಿಲೆಯ ಕೈಯಲ್ಲಿದ್ದ ಮಗ್ವಿನ್ಯಾ ಚಹಾದೊಳಗೆ ಮುಳುಗಿ ಹೋಗಿತ್ತು. ಹೆಂಡತಿ ಸೆಗಾಮೆಟ್ಸಿಗೆ ವಿಷಯ ಹೇಳಲೇಬೇಕಾಯಿತು. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಪೂರ್ತಿ ಕೇಳಿದಳು.

"ಟಿವಿ ಇಲ್ಲ ಅಂತ ಬರ್ಕೊಟ್ರಾ? ಹೋದ ವಾರ ಡಾಕ್ಟರ್ ಜೈಲಿಗೆ ಹೋದಾಗ ದಿಂಬು ತಬ್ಕೊಂಡು ಅತ್ತೋರು ಯಾರು? ನಾನಾ?"

"ಮೆಲ್ಲಗೆ ಮಾತಾಡೇ!"

"ಇವತ್ತು ಆರೂವರೇಲಿ ಏನಿದೆ ಗೊತ್ತಲ್ಲ?"

ಗೊತ್ತಿತ್ತು. ಆರೂವರೆಗೆ ಬರುವ ಧಾರಾವಾಹಿಗೆ ಬೇರೆ ಏನೋ ಹೆಸರಿದ್ದರೂ ಆ ಬೀದಿಯಲ್ಲಿ ಅದನ್ನು 'ಆರೂವರೆ' ಎಂದೇ ಕರೆಯುತ್ತಿದ್ದರು. ಒಂದೇ ಮುಖದ ಇಬ್ಬರಲ್ಲಿ ನಿಜವಾದ ಡಾಕ್ಟರ್ ಯಾರು ಎಂಬುದು ಹತ್ತು ತಿಂಗಳು ಎಳೆದು ಎಳೆದು ಇವತ್ತು ಬಯಲಾಗುವುದಿತ್ತು. ಪಕ್ಕದ ಮನೆಯ ಕೆಲೆಬೊನೆಯ ಟಿವಿ ನವೆಂಬರಿನ ಸಿಡಿಲಿಗೆ ಸುಟ್ಟು ಹೋದ ಮೇಲೆ ಬೀದಿಗೆಲ್ಲ ಒಟ್ಸಿಲೆಯ ಅಂಗಳವೇ ಗತಿ. ರಜೆ ಬಂದ ಮೇಲಂತೂ ಜಗಲಿಯ ಮೇಲೆ ಟಿವಿ, ಮೊರೂಲಾ ಮರದ ಕೆಳಗೆ ಚಾಪೆ, ಶುಂಠಿ ಪಾನಕದ ಬಕೆಟ್ಟು, ಹತ್ತಿಪ್ಪತ್ತು ಜನ.

ಒಟ್ಸಿಲೆ ಟಿವಿ ಬಚ್ಚಿಡಲು ಹೊರಟ. ಅದು ಹಳೆಯ ಕಾಲದ್ದು, ಹಿಂಭಾಗ ಬಸುರಿ ಹಸುವಿನ ಹೊಟ್ಟೆಯಂತೆ ಉಬ್ಬಿಕೊಂಡಿತ್ತು. ಮಂಚದ ಕೆಳಗೆ ಹೋಗಲಿಲ್ಲ. ಬೀರುವಿನಲ್ಲಿ ಅರ್ಧ ಹೋಗಿ ಬಾಗಿಲು ಹಾಕಲಾಗಲಿಲ್ಲ. ಮೇಲೆ ಮೇಜಿನ ಬಟ್ಟೆ ಹೊದಿಸಿ ನೋಡಿದ. ಒಳಗೆ ಬಂದ ಅವನ ತಾಯಿ ಬೆಚ್ಚಿ ಕೇಳಿದಳು, "ಲೋ, ಇದ್ಯಾರಪ್ಪ ಇಲ್ಲಿ ಮುಸುಕು ಹಾಕ್ಕೊಂಡು ಕೂತಿರೋದು?"

ಕೊನೆಗೆ ಉಳಿದದ್ದು ಒಂದೇ ದಾರಿ. ಕೆಲೆಬೊನೆಯ ಮನೆ.

ಟಿವಿಯನ್ನು ಕೈಗಾಡಿಯಲ್ಲಿ ಮಲಗಿಸಿ, ಕಂಬಳಿ ಹೊದಿಸಿ, ಗೇಟಿನಿಂದ ಗೇಟಿಗೆ ತಳ್ಳಿಕೊಂಡು ಹೋಗುವುದು ಮೂವತ್ತು ಹೆಜ್ಜೆಯ ಕೆಲಸ. ಆ ಮೂವತ್ತು ಹೆಜ್ಜೆಯೊಳಗೆ ಬೀದಿಯ ಅರ್ಧ ಜನ ಹೊರಗೆ ಬಂದಿದ್ದರು. ಎದುರುಮನೆಯ ಮುದುಕ ತ್ಶೆಕೊ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ಹೋಗ್ಬಿಡ್ತಾ, ಒಟ್ಸಿಲೆ?"

"ಏನೂ ಆಗಿಲ್ಲ ದೊಡ್ಡಪ್ಪ."

"ಧೈರ್ಯ ತಂದ್ಕೋ. ನಿನ್ನೆ ಸಂಜೆ ಚೆನ್ನಾಗೇ ಇತ್ತು. ಇವತ್ತೇ ಹೀಗಾಗ್ಬೇಕಾ? ಡಾಕ್ಟರ್ ಯಾರು ಅಂತ ನಾವು ತಿಳ್ಕೊಳ್ಳೋದು ಹೇಗೆ?"

ಅಷ್ಟರಲ್ಲಿ ಹೆಂಗಸರಿಬ್ಬರು ಸೆಗಾಮೆಟ್ಸಿಯ ಕೈ ಹಿಡಿದು ಸಮಾಧಾನ ಹೇಳತೊಡಗಿದ್ದರು. ಕೆಲೆಬೊನೆ ಮಾತ್ರ ಗೇಟನ್ನು ಎರಡೂ ಕಡೆ ಅಗಲವಾಗಿ ತೆಗೆದು ನಿಂತಿದ್ದಳು. ಅವಳ ನಗುವಿಗೂ ಗೇಟಿನಷ್ಟೇ ಅಗಲ.

"ಬನ್ನಿ, ಬನ್ನಿ! ಎಷ್ಟು ದಿನ ಬೇಕಾದ್ರೂ ಇರಲಿ. ನನ್ ಆಂಟೆನಾ ಸುಮ್ನೆ ಕೂತಿದೆ."

"ಒಂದೇ ದಿನ ಮ್ಮಾ. ಒಬ್ಬರು ಬಂದು ಹೋಗೋವರೆಗೆ. ಅಲ್ಲೀವರೆಗೆ ದಯವಿಟ್ಟು ಹಾಕ್ಬೇಡಿ."

"ಅಯ್ಯೋ, ಹಾಕ್ತೀನಾ?" ಎಂದಳು ಕೆಲೆಬೊನೆ, ಆಗಲೇ ತಂತಿ ಬಿಚ್ಚುತ್ತಾ.

ಮನೆಗೆ ಬಂದು ಉಸಿರು ಬಿಡುವಾಗ ಕಣ್ಣು ಮೇಲೆ ಹೋಯಿತು. ತಗಡಿನ ಮಾಡಿನ ಮೇಲೆ ಅವನ ಆಂಟೆನಾ ಆಕಾಶಕ್ಕೆ ಕೈ ಎತ್ತಿ ನಿಂತಿತ್ತು. ಏಣಿ ಹಾಕಿ ಹತ್ತಿದ. ಆ ಕಡೆ ಡಿಸೆಂಬರ್ ಎಂದರೆ ನಡುಬೇಸಿಗೆ; ಬಿಸಿಲಿಗೆ ತಗಡು ಕಾವಲಿಯಾಗಿತ್ತು. ಒಂದು ಕಾಲು ಇಟ್ಟು ಇನ್ನೊಂದು ಎತ್ತುತ್ತಾ ಅವನು ಕುಣಿದದ್ದನ್ನು ನೋಡಿ ಕೆಳಗಿದ್ದ ಮಕ್ಕಳು ಚಪ್ಪಾಳೆ ತಟ್ಟಿದವು. ತುಕ್ಕು ಹಿಡಿದ ನಟ್ಟು ಅಲುಗಲಿಲ್ಲ. ಸೋತು, ತಾಯಿಯ ಕೆಂಪು ಕಂಬಳಿಯನ್ನು ಆಂಟೆನಾದ ಮೇಲೆ ಹರಡಿ ಇಳಿದು ಬಂದ. ಊರಿನ ಆ ತುದಿಯಿಂದಲೂ ಕಾಣುತ್ತಿತ್ತು.

ಇನ್ನು ಪುಸ್ತಕ. ಮನೆಯಲ್ಲಿದ್ದದ್ದು ಬೈಬಲ್ಲು, ಕೀರ್ತನೆಯ ಪುಸ್ತಕ, ಗೋದಾಮಿನ ತೂಕದ ನಿಯಮಾವಳಿ. ಬೊಯಿಪೆಲೊ ಗ್ರಂಥಾಲಯದಿಂದ ತಂದ ಕತೆ ಪುಸ್ತಕ ಮಾತ್ರ ಎಲ್ಲಿಯೂ ಕಾಣಲಿಲ್ಲ. ಒಟ್ಸಿಲೆ ತ್ಶೆಕೊನ ಹತ್ತಿರ ಕೇಳಿದಾಗ ಅವನು ದನಗಳ ಕಾಲುಬಾಯಿ ರೋಗದ ಬಗ್ಗೆ ಪಶುವೈದ್ಯರು ಹಂಚಿದ ಒಂದು ಪುಸ್ತಿಕೆ ಕೊಟ್ಟ. ಎಲ್ಲವನ್ನೂ ಟಿವಿಯಿದ್ದ ಜಾಗದಲ್ಲಿ ಒಟ್ಟಿದರೂ ಗೇಣುದ್ದ ಆಗಲಿಲ್ಲ.

ಐದೂ ಮುಕ್ಕಾಲಿಗೆ ತಾಯಿ ಕೋಲು ಹಿಡಿದು ಎದ್ದಳು.

"ಅವ್ವಾ, ಎಲ್ಲಿಗೆ? ನೀನು ಓದ್ತಾ ಕೂತಿರ್ಬೇಕು!"

"ನನ್ ವಯಸ್ಸೆಷ್ಟು? ಮುಂದಿನ ವರ್ಷಕ್ಕೆ ಇರ್ತೀನೋ ಇಲ್ವೋ. ಡಾಕ್ಟರ್ ಯಾರು ಅಂತ ಗೊತ್ತಾಗದೇ ಸತ್ರೆ ಆ ಪಾಪ ನಿಂದೇ," ಎಂದು ಹೊರಟೇ ಹೋದಳು.

ಅವಳನ್ನು ಕರೆತರಲು ಬೊಯಿಪೆಲೊ ಹೋದಳು, ಬರಲಿಲ್ಲ. ಬೊಯಿಪೆಲೊಳನ್ನು ಕರೆತರಲು ಸೆಗಾಮೆಟ್ಸಿ ಹೋದಳು. ಅವಳು ಹೋಗುವಾಗ ಶುಂಠಿ ಪಾನಕದ ಬಕೆಟ್ಟನ್ನೂ ತೆಗೆದುಕೊಂಡು ಹೋದದ್ದನ್ನು ಒಟ್ಸಿಲೆ ಗಮನಿಸಬೇಕಿತ್ತು.

ಮ್ಮಾ ಮೊಗಾಪಿ ಸರಿಯಾಗಿ ಆರಕ್ಕೆ ಬಂದರು. ಕಂಕುಳಲ್ಲಿ ಕಾಗದಕ್ಕೆ ಸುತ್ತಿದ ಫಲಕ, ಕೈಯಲ್ಲಿ ಒಂದು ಕಡತ, ಮೂಗಿನ ಮೇಲೆ ಕನ್ನಡಕ. ಮೊದಲು ಮಾಡಿನ ಕಡೆ ನೋಡಿದರು.

"ಕಂಬಳೀನ ಅಲ್ಲಿ ಒಣಗಿಸ್ತೀರಾ, ರ‍್ರಾ?"

"ಮೇಲೆ ಬಿಸಿಲು ಶುದ್ಧವಾಗಿರುತ್ತೆ ಮ್ಮಾ."

"ಮನೆಯವರು?"

"ಓದೋಕೆ ಜಾಗ ಹುಡುಕ್ಕೊಂಡು ಹೋಗಿದಾರೆ. ಒಬ್ಬೊಬ್ಬರಿಗೆ ಒಂದೊಂದು ಮರ."

ಅವರು ಕುಳಿತು ಒಟ್ಸಿಲೆಯ ಕೈಯಲ್ಲಿದ್ದ ಪುಸ್ತಕದ ಕಡೆ ಬಗ್ಗಿದರು. ಗಾಬರಿಯಲ್ಲಿ ಅವನು ಎತ್ತಿಕೊಂಡದ್ದು ಕಾಲುಬಾಯಿ ರೋಗ.

"ಹೇಗಿದೆ?"

"ಮನಸ್ಸು ಕಲಕುತ್ತೆ ಮ್ಮಾ."

"ಕೊನೆ?"

"ದುಃಖದ್ದು. ಹಸು ಸಾಯುತ್ತೆ."

ಮ್ಮಾ ಮೊಗಾಪಿ ಕಡತದಲ್ಲಿ ಏನೋ ಬರೆದುಕೊಂಡರು. ಏನು ಬರೆದರೆಂದು ಓದಲು ಒಟ್ಸಿಲೆ ಕತ್ತನ್ನು ಬಾತುಕೋಳಿಯಂತೆ ಚಾಚಿದ, ಕಾಣಲಿಲ್ಲ. ಅವರು ಎದ್ದು ಹೋಗುವ ಸೂಚನೆಯೇ ಇರಲಿಲ್ಲ. ಆರೂವರೆಯಾಯಿತು. ಬೇಲಿಯಾಚೆಯಿಂದ ಅವನಿಗೆ ಉಸಿರಿನಷ್ಟು ಪರಿಚಿತವಾದ ಶೀರ್ಷಿಕೆ ಸಂಗೀತ ತೇಲಿ ಬಂತು. ಒಟ್ಸಿಲೆಯ ಕಾಲು ತಾನಾಗಿಯೇ ತಾಳ ಹಾಕತೊಡಗಿತು. ಇನ್ನೊಂದು ಕಾಲಿನಿಂದ ಅದನ್ನು ಮೆಟ್ಟಿ ಹಿಡಿದ. ಜನ ನಕ್ಕರು, ಹೋ ಎಂದರು. ಆಮೇಲೆ ಜಾಹೀರಾತು ಬಂದಿರಬೇಕು, ಟಿವಿಯ ದನಿ ಅಡಗಿತು. ಆ ಮೌನದಲ್ಲಿ ಒಂದು ಎಳೆಯ ಗಂಟಲು ಓದುವುದು ಕೇಳಿಸಿತು. ಸಿಂಹಕ್ಕೆ ಒಂದು ದನಿ, ಮೊಲಕ್ಕೆ ಒಂದು ದನಿ, ನಡುವೆ ಗಾಳಿಗೂ ಒಂದು ದನಿ.

ಮ್ಮಾ ಮೊಗಾಪಿ ಕನ್ನಡಕ ತೆಗೆದರು. "ಎಂಥಾ ಓದು! ಯಾರ ಮಗು ಅದು?"

ಒಟ್ಸಿಲೆಯ ಎದೆ ಉಬ್ಬಿತು. 'ನನ್ನ ಮಗಳು' ಎನ್ನುವ ಮಾತು ಹಲ್ಲಿನವರೆಗೆ ಬಂದಿತ್ತು. ಆದರೆ ಅವಳು ಕೂತಿರುವುದು ಟಿವಿಯ ಮುಂದೆ. ಅವಳು ತನ್ನವಳೆಂದರೆ ಟಿವಿಯೂ ತನ್ನದೆಂದು ಒಪ್ಪಿಕೊಂಡಂತೆ. ಹದಿನೇಳು ವರ್ಷದ ತೂಕದ ಅನುಭವವೆಲ್ಲ ಆ ಒಂದು ಗಳಿಗೆಯಲ್ಲಿ ಕೈಕೊಟ್ಟಿತು.

"ಪಕ್ಕದ ಮನೇದು," ಎಂದ.

"ನಿಮ್ಮ ಮನೇದಲ್ಲ ಅಂತೀರಾ?"

"ಅಲ್ಲ, ಮ್ಮಾ."

ಅವರು ಅದನ್ನೂ ಬರೆದುಕೊಂಡು ಬೇಲಿಯ ಕಡೆ ನಡೆದರು. ಒಟ್ಸಿಲೆ ಹಿಂದೆ ಓಡಿದ.

ಕೆಲೆಬೊನೆಯ ಅಂಗಳದಲ್ಲಿ ಇಡೀ ಬೀದಿ ಚಾಪೆ ಹಾಸಿ ಕೂತಿತ್ತು. ಜಗಲಿಯ ಮೇಲೆ ಟಿವಿ ಮೂಕವಾಗಿ ಸಾಬೂನು ಮಾರುತ್ತಿತ್ತು. ಅದರ ಮುಂದೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಂತು ಬೊಯಿಪೆಲೊ ಓದುತ್ತಿದ್ದಳು. ಗ್ರಂಥಾಲಯದ ಪುಸ್ತಕ, ಕೊನೆಯ ಪುಟಗಳು. ಸಾಬೂನು ಮುಗಿಯಿತು. ಪರದೆಯ ಮೇಲೆ ನ್ಯಾಯಾಲಯ ಕಾಣಿಸಿತು, ಒಂದೇ ಮುಖದ ಇಬ್ಬರು ಕಟಕಟೆಯಲ್ಲಿ ನಿಂತರು. ಕೆಲೆಬೊನೆ ದನಿ ಏರಿಸಲು ಕೈ ಚಾಚಿದಳು. ಒಟ್ಸಿಲೆಯ ತಾಯಿ ಕೋಲಿನಿಂದ ಅವಳ ಕೈಗೆ ಮೆಲ್ಲಗೆ ತಟ್ಟಿದಳು.

"ಇರು. ಮೊಲ ಬಾವಿಯಿಂದ ಮೇಲೆ ಬರಲಿ."

ಮುದುಕ ತ್ಶೆಕೊ ತಲೆದೂಗಿದ. ಯಾರೂ ಟಿವಿಯ ಕಡೆ ಕಣ್ಣೆತ್ತಲಿಲ್ಲ. ಹತ್ತು ತಿಂಗಳು ಕಾದ ಸತ್ಯ ಪರದೆಯ ಮೇಲೆ ಬಾಯಿ ಆಡಿಸುತ್ತಿತ್ತು; ಜನ ಬಾಯಿ ತೆರೆದುಕೊಂಡು ಮೊಲದ ದಾರಿ ಕಾಯುತ್ತಿದ್ದರು. ಹೆಮ್ಮೆಗೆ ಒಟ್ಸಿಲೆಯ ಕಣ್ಣು ಮಂಜಾಯಿತು. ಅಷ್ಟರಲ್ಲಿ ಆ ಮಂಜಿನ ನಡುವೆಯೇ ಪರದೆಯ ಮೇಲೆ ನ್ಯಾಯಾಧೀಶರು ಬೆರಳೆತ್ತಿದ್ದು ಕಂಡಿತು. ಅವನಿಗೆ ತಡೆಯಲಾಗಲಿಲ್ಲ.

"ಲೇ, ದನಿ ಏರಿಸ್ರೋ! ಡಾಕ್ಟರ್ ಯಾರು ಅಂತ ಹೇಳ್ತಿದಾರೆ!"

ಇಡೀ ಅಂಗಳ ತಿರುಗಿ ನೋಡಿತು. "ಶ್!" ಎಂದಿತು.

"ಡಾಕ್ಟರ್ ನಿಮಗೆ ಹೇಗೆ ಪರಿಚಯ, ರ‍್ರಾ?" ಮ್ಮಾ ಮೊಗಾಪಿ ತಣ್ಣಗೆ ಕೇಳಿದರು. "ನಿಮ್ಮನೇಲಿ ಟಿವಿ ಇಲ್ವಲ್ಲ."

ಮೊಲ ಬಾವಿಯಿಂದ ಮೇಲೆ ಬಂತು. ಚಪ್ಪಾಳೆ ಬಿತ್ತು. ಆಗ ಮ್ಮಾ ಮೊಗಾಪಿ ಜಗಲಿ ಹತ್ತಿ ಕಡತದಿಂದ ಎರಡು ಕಾಗದ ತೆಗೆದರು.

"ಈ ಬೀದಿಯಿಂದ ಎರಡು ಅರ್ಜಿ ಬಂದಿತ್ತು. ಒಂದು ದೊಡ್ಡವರದ್ದು, ಅದರಲ್ಲಿ ಎಲ್ಲ ಮೌನ. ಇಂಥವು ಮೂವತ್ತು ಬಂದಿವೆ. ಇನ್ನೊಂದು ಈ ಮಗು ಬರೆದದ್ದು." ಅವರು ಓದಿದರು: "'ನಮ್ಮ ರಜೆ ಬಹಳ ಚೆನ್ನಾಗಿದೆ. ಸಂಜೆ ಎಲ್ಲರೂ ಸೇರಿ ಟಿವಿ ನೋಡುತ್ತೇವೆ. ಜಾಹೀರಾತು ಬಂದಾಗ ನಾನು ಕತೆ ಓದುತ್ತೇನೆ. ಅಜ್ಜಿಗೆ ಓದಲು ಬರುವುದಿಲ್ಲ, ಆದರೆ ನಾನು ಸಾಲು ಬಿಟ್ಟರೆ ಗೊತ್ತಾಗುತ್ತದೆ. ಅಪ್ಪ ಟಿವಿಗೂ ಅಳುತ್ತಾರೆ, ಪುಸ್ತಕಕ್ಕೂ ಅಳುತ್ತಾರೆ. ಅವರಷ್ಟು ಚೆನ್ನಾಗಿ ಕೇಳುವವರು ಯಾರೂ ಇಲ್ಲ. ಅದಕ್ಕೇ ನಾನು ಚೆನ್ನಾಗಿ ಓದುತ್ತೇನೆ.'"

ಸೆಗಾಮೆಟ್ಸಿ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ಒಟ್ಸಿಲೆ ಯಾವ ಮರೆಯೂ ಇಲ್ಲದೆ ಗಳಗಳ ಅತ್ತ.

"ಇದೇ ಓದುವ ಮನೆ," ಎಂದರು ಮ್ಮಾ ಮೊಗಾಪಿ. "ಫಲಕ ಇದಕ್ಕೇ."

"ನಮ್ಮ ಗೇಟು ಈ ಕಡೆ!" ಒಟ್ಸಿಲೆ ಮೂಗೊರೆಸಿಕೊಂಡು ಮುಂದೆ ಬಂದ. "ಅವಳು ನನ್ನ ಮಗಳು, ಮ್ಮಾ!"

"ಕಣ್ಣಾರೆ ಕಂಡದ್ದನ್ನೇ ಬರೀಬೇಕು ಅನ್ನೋದು ನಿಯಮ. ನಿಮ್ಮನೇಲಿ ನಾನು ಕಂಡದ್ದು ಸತ್ತ ಹಸು ಒಂದೇ. ಈ ಮಗು ಪಕ್ಕದ ಮನೇದು ಅಂತ ಎರಡು ಸಲ ಹೇಳಿದವರು ನೀವೇ. ಬರ್ಕೊಂಡಾಗಿದೆ." ಅವರು ಕಡತ ಮುಚ್ಚಿದರು. ಬೊಯಿಪೆಲೊಳ ತಲೆ ನೇವರಿಸುವಾಗ ಅವರ ತುಟಿಯ ತುದಿಯಲ್ಲಿ ನಗು ಇಣುಕಿತ್ತೋ ಏನೋ. "ಪುಸ್ತಕದ ಪೆಟ್ಟಿಗೆ ಸೋಮವಾರ ಇಲ್ಲಿಗೇ ಬರುತ್ತೆ. ಓದು ಎಲ್ಲಿ ನಡೀತಿದೆಯೋ, ರಜೆ ಮುಗಿಯೋವರೆಗೆ ಅಲ್ಲೇ ನಡೀಲಿ. ಟಿವಿಯೂ ಅಲ್ಲಾಡೋದು ಬೇಡ."

ಕೆಲೆಬೊನೆ ಆನಂದಕ್ಕೆ ನಾಲಿಗೆ ಹೊರಳಿಸಿ ಉಲುಲು ಎಂದು ಕೂಗಿದ್ದು ರೈಲು ನಿಲ್ದಾಣದವರೆಗೆ ಕೇಳಿಸಿತು. ಡಾಕ್ಟರ್ ಯಾರು ಎಂಬುದು ಯಾರಿಗೂ ಗೊತ್ತಾಗಲಿಲ್ಲ.

ಬೀದಿಯಲ್ಲಿ ಸುತ್ತಿಗೆ ಇದ್ದದ್ದು ಒಟ್ಸಿಲೆಯ ಮನೆಯಲ್ಲಿ ಮಾತ್ರ. ಆದ್ದರಿಂದ ಹೊತ್ತು ಮುಳುಗುವ ಮೊದಲು, ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡು, ಕೆಲೆಬೊನೆಯ ಗೇಟಿಗೆ ಫಲಕ ಹೊಡೆಯುವ ಕೆಲಸ ಅವನ ಪಾಲಿಗೆ ಬಂತು. "ಸ್ವಲ್ಪ ಎಡಕ್ಕೆ, ರ‍್ರಾ. ಇನ್ನೂ ಸ್ವಲ್ಪ," ಎನ್ನುತ್ತಾ ಕೆಲೆಬೊನೆ ಹಿಂದೆ ನಿಂತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಮೇಲಿನ ಬೀದಿಯವನೊಬ್ಬ ಸೈಕಲ್ ನಿಲ್ಲಿಸಿ ಫಲಕ ಓದಿದ.

"ಓದುವ ಮನೆ! ಆ ಹುಡುಗಿ ಓದಿದ್ದು ನಮ್ಮ ಬೀದಿಗೂ ಕೇಳಿಸ್ತು. ಅದ್ಯಾರ ಮಗಳಪ್ಪ, ಅಷ್ಟು ಚೆನ್ನಾಗಿ ಓದೋಳು?"

"ನನ್ನ ಮಗಳು!" ಎಂದು ಒಟ್ಸಿಲೆ ಬೀದಿಯೆಲ್ಲ ಮೊಳಗುವಂತೆ ಕೂಗಿದ. ನಾಲ್ಕೂ ಮೊಳೆ ಬಾಯಿಂದ ಹಾರಿ ಮಣ್ಣಿಗೆ ಬಿದ್ದವು.

"ಹಾಗಾದ್ರೆ ಇದು ನಿಮ್ಮನೆಯೋ?"

ಒಟ್ಸಿಲೆ ಮೊಣಕಾಲೂರಿ ಕೂತು, ಬಹಳ ಹೊತ್ತು ಮೊಳೆ ಹುಡುಕಿದ.