ಕಂಪ್ಲಿ ಬಸ್ ನಿಲ್ದಾಣದ ನಿದ್ದೆಗೆ ವರದಿ ಕೇಳಿದವರಿಗೆ

ವಿಶ್ವವಿದ್ಯಾಲಯದ ಗುಣಮಟ್ಟ ಕೋಶದ ನಿರ್ದೇಶಕರ ಸನ್ನಿಧಾನಕ್ಕೆ, ಹೊಸಪೇಟೆಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಹುಲಿಗೇಶನ ಸಾಷ್ಟಾಂಗ ನಮಸ್ಕಾರಗಳು. ತಾವೂ ವರದಿ ತುಂಬಿಸಿಕೊಳ್ಳುವ ತಮ್ಮ ಪೋರ್ಟಲ್ಲೂ ಕ್ಷೇಮವೆಂದು ನಂಬಿದ್ದೇನೆ.

ಮಾನ್ಯರೇ, ತಮ್ಮಲ್ಲಿ ಅರ್ಥಶಾಸ್ತ್ರ ಕಲಿಸುವ ಪ್ರೊಫೆಸರ್ ಶೈಲಜಾ ನನ್ನ ಪತ್ನಿ. ಪಾಠ, ಮೌಲ್ಯಮಾಪನ, ಪಾಠವಾಯಿತೆಂಬ ವರದಿ, ಆ ವರದಿ ತಲುಪಿತೆಂಬ ವರದಿ, ಇವೆಲ್ಲ ಮುಗಿದು ಉಳಿದ ವೇಳೆಯಲ್ಲಿ ಮಲಗಲು ತಾವು ದೊಡ್ಡ ಮನಸ್ಸಿನಿಂದ ಅವಕಾಶ ಕೊಟ್ಟಿದ್ದೀರಿ. ವೇಳೆಯೇ ಉಳಿಯದಿರುವುದು ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ ಇಟ್ಟವರ ತಪ್ಪು. ಶೈಲಜಾ ಊಟಕ್ಕೆ ಕುಳಿತಲ್ಲೇ ಕಣ್ಣು ಮುಚ್ಚಿ, ನಾನು ಬಡಿದ ರೊಟ್ಟಿಗೆ ‘ಉತ್ತರ ಅಪೂರ್ಣ’ ಎಂದು ಅಂಕ ಕಳೆಯುತ್ತಾರೆ.

ಕಳೆದ ಸೋಮವಾರ ಅವರು ನಿದ್ದೆಗಣ್ಣಿನಲ್ಲಿ ತಪ್ಪು ಬಸ್ ಹತ್ತಿ ಕಂಪ್ಲಿಯಲ್ಲಿ ಇಳಿದರು. ನಿಲ್ದಾಣದಲ್ಲಿ ಸಾಲಾಗಿ ಕುಳಿತ ಜನರನ್ನು ಕಂಡು ತರಗತಿಯೆಂದೇ ತಿಳಿದು, ಬೇಡಿಕೆ ಹೆಚ್ಚಿದರೆ ಬೆಲೆ ಏರುತ್ತದೆಂದು ಪಾಠ ಶುರುಮಾಡಿದರು. ಶೇಂಗಾ ಮಾರುವಾತ ಅಲ್ಲೇ ಬೆಲೆ ಏರಿಸಿದ. ಪಾಠವನ್ನು ಇಷ್ಟು ಬೇಗ ಜಾರಿಗೆ ತಂದ ವಿದ್ಯಾರ್ಥಿ ತಮ್ಮಲ್ಲಿ ಒಬ್ಬನೂ ಇಲ್ಲವಂತೆ. ಅಷ್ಟರಲ್ಲಿ ವಾಕ್ಯದ ನಡುವೆಯೇ ಅವರು ಕಂಬಕ್ಕೊರಗಿ ನಿದ್ದೆ ಹೋದರು. ಗಂಗಾವತಿ ಬಸ್ಸಿಗೆ ಕಾದಿದ್ದ ಚೆನ್ನಬಸಮ್ಮ ಎಂಬವರು ತಮ್ಮ ಬಟ್ಟೆಗಂಟನ್ನೇ ದಿಂಬಾಗಿಸಿ ಅವರನ್ನು ಬೆಂಚಿನ ಮೇಲೆ ಮಲಗಿಸಿ, ಅವರದೇ ಫೋನಿನಿಂದ ನನಗೆ ಸುದ್ದಿ ತಿಳಿಸಿದರು. ಈಗಲೇ ಹೊರಟೆ ಎಂದೆ. “ಭಾಳ ದಣದಾರ್ರೀ. ನೀವೇನ್ ಜಲ್ದಿ ಬರಬ್ಯಾಡ್ರಿ, ಮಕ್ಕೊಳ್ಳಲಿ” ಎಂದರು.

ನಾನು ಹೋದಾಗ ಕಂಡಕ್ಟರುಗಳು ಊರುಗಳ ಹೆಸರನ್ನು ಪಿಸುಮಾತಿನಲ್ಲಿ ಕೂಗುತ್ತಿದ್ದರು. ಗಂಟು ಇವರ ತಲೆಯಡಿ ಸಿಕ್ಕಿಬಿದ್ದಿದ್ದರಿಂದ ಚೆನ್ನಬಸಮ್ಮನವರು ತಮ್ಮ ಬಸ್ಸನ್ನೂ ಬಿಟ್ಟಿದ್ದರು. ಹಣೆಯ ಗಂಟು ಸಡಿಲಿದ ನನ್ನ ಹೆಂಡತಿಯ ಮುಖ ಕಂಡು ಎಷ್ಟು ಕಾಲವಾಗಿತ್ತೋ, ಎಬ್ಬಿಸಲು ಮನಸ್ಸಾಗದೆ ನಾನೂ ಪಕ್ಕದಲ್ಲಿ ಕುಳಿತೆ.

ಆ ದಿನದ ತರಗತಿ ತಪ್ಪಿದ್ದಕ್ಕೆ ತಾವು ಒಂದು ರಜೆ ಕಡಿತ ಮಾಡುತ್ತೀರೆಂದು ಹೆದರಿದ್ದೆವು. ಕರುಣಾಳುಗಳಾದ ತಾವು ಕಂಪ್ಲಿಯ ಪ್ರಸಂಗವನ್ನು ‘ಸಮುದಾಯ ವಿಸ್ತರಣಾ ಕಾರ್ಯಕ್ರಮ’ವೆಂದು ಮಾನ್ಯ ಮಾಡಿ, ಫೋಟೊ, ಹಾಜರಾತಿ, ಫಲಾನುಭವಿಗಳ ಅಭಿಪ್ರಾಯಗಳ ಸಮೇತ ಮೂವತ್ತು ಪುಟದ ವರದಿ ಕೇಳಿದಿರಿ. ಮಲಗಿದ್ದರ ವರದಿ ಬರೆಯಲು ಅವರೀಗ ನಿದ್ದೆಗೆಡುತ್ತಿದ್ದಾರೆ.

ಆದಕಾರಣ, ಸರ್ಕಾರಕ್ಕೆ ಬರೆದು ದಿನಕ್ಕೆ ಇನ್ನಾರು ಗಂಟೆ ಮಂಜೂರು ಮಾಡಿಸಬೇಕೆಂದು ಬೇಡುತ್ತೇನೆ. ಅಲ್ಲಿಯವರೆಗೆ ಇರಲೆಂದು ವರದಿಯನ್ನು ನಾನೇ ಬರೆದು ಲಗತ್ತಿಸಿದ್ದೇನೆ. ಮೊದಲ ಪುಟದಲ್ಲಿ ‘ಮಲಗಿದರು’ ಎಂದಿದೆ. ಉಳಿದ ಇಪ್ಪತ್ತೊಂಬತ್ತು ಪುಟಗಳು ಖಾಲಿ. ಅದು ನಿದ್ದೆಯ ವಿವರ.

ಎಚ್ಚರವಾಗಿರುವಷ್ಟು ಹೊತ್ತೂ ತಮ್ಮ ವಿಶ್ವಾಸಿ,
ಹುಲಿಗೇಶ್

ತಾ.ಕ.: ಅವರು ಈಗಷ್ಟೇ ಮಲಗಿದ್ದಾರೆ. ಪತ್ರ ತಲುಪಿತೆಂದು ಅವರಿಗೆ ಫೋನ್ ಮಾಡಬೇಡಿ. ಮಾಡಲೇಬೇಕೆನಿಸಿದರೆ ನನ್ನ ಅಂಗಡಿಗೆ ಮಾಡಿ. ಹತ್ತು ಎಚ್‌ಪಿ ಮೋಟಾರೊಂದನ್ನು ಚಾಲೂ ಮಾಡಿಟ್ಟು, ತಮ್ಮ ಪ್ರತಿ ಮಾತನ್ನೂ ಗಮನವಿಟ್ಟು ಕೇಳುತ್ತೇನೆ.