ನಿಂತಲ್ಲೇ ಓಡಿದ ಜೀಪು

ಗುಬ್ಬಿಯ ಕೈಪಂಪು ನಿಗಾ ಘಟಕದ ಜೀಪು ೧೯೯೮ರ ಬೇಸಿಗೆಯಲ್ಲಿ ಶೆಡ್ಡಿನಿಂದ ಒಂದಡಿಯೂ ಕದಲದೆ ಮೂರು ಸಾವಿರದ ಇನ್ನೂರು ಕಿಲೋಮೀಟರು ಸಂಚರಿಸಿತು. ಈ ಅಂಕಿ ಸುಳ್ಳಲ್ಲ. ಲಾಗ್ ಬುಕ್ ಬರೆದವನು ನಾನೇ, ಘಟಕದ ಗುಮಾಸ್ತ.

ಫೆಬ್ರವರಿಯಲ್ಲಿ ತುಮಕೂರಿನಿಂದ ಸುತ್ತೋಲೆ ಬಂದಿತ್ತು. "ಲೀಟರ್ ಡೀಸೆಲ್ಲಿಗೆ ಹನ್ನೆರಡು ಕಿಲೋಮೀಟರು ಕೊಡದ ಜೀಪುಗಳನ್ನು ಹಿಂಪಡೆಯತಕ್ಕದ್ದು. ಜೀಪಿಲ್ಲದ ಅಧಿಕಾರಿಯು ಬಸ್ಸಿನಲ್ಲಿ ಸಂಚರಿಸತಕ್ಕದ್ದು." ಎರಡನೇ ವಾಕ್ಯ ಓದಿ ನಮ್ಮ ಘಟಕಾಧಿಕಾರಿ ಆಂಜನಪ್ಪನವರು ಮಧ್ಯಾಹ್ನದ ಊಟ ಬಿಟ್ಟರು. ನಮ್ಮ ಜೀಪಿಗೆ ಹತ್ತೊಂಬತ್ತು ವರ್ಷ. ನಾಲ್ಕು ಚಕ್ರಕ್ಕೂ ಎಳೆತ ಇದ್ದ ಗಾಡಿ, ಲೀಟರಿಗೆ ಒಂಬತ್ತು ಕೊಟ್ಟರೆ ಅವತ್ತು ಹಬ್ಬ.

ಅದೇ ವಾರ ಇನ್ನೊಂದು ಕಾಗದವೂ ಬಂದಿತ್ತು. ಚೇಳೂರಿನಾಚೆಯ ಹಟ್ಟಿಯ ತಿಪ್ಪಮ್ಮ ಯಾರ ಕೈಲೋ ಬರೆಸಿ ಕಳಿಸಿದ ಅರ್ಜಿ. ಹಟ್ಟಿಗಿರುವ ಒಂದೇ ಕೈಪಂಪು ಕೆಟ್ಟಿದೆ, ಹಿಡಿ ಒತ್ತಿ ಒತ್ತಿ ರಟ್ಟೆ ಬಿದ್ದುಹೋದರೂ ನೀರು ಬರುತ್ತಿಲ್ಲ, ಮನೆಯಲ್ಲಿ ಮಗಳು ಹಸೀ ಬಾಣಂತಿ, ನೀರಿಗೆ ಮೈಲಿ ದೂರದ ತೋಟಕ್ಕೆ ಹೋದರೆ ತೋಟದವನು ಬೈತಾನೆ, ಅಂತ. ಅದನ್ನು ಸುತ್ತೋಲೆಯ ಕೆಳಗಿಟ್ಟೆವು.

ಮೊದಲು ಮೆಕ್ಯಾನಿಕ್ ನಜೀರ್ ಅಹಮದ್‌ರನ್ನು ಕರೆಸಲಾಯಿತು. ಅವರು ಜೀಪಿನಡಿ ತೂರಿ, ಮುಂದಿನ ಚಕ್ರಗಳನ್ನು ತಿರುಗಿಸುವ ಶಾಫ್ಟನ್ನು ಬಿಚ್ಚಿ ಹೊರಗೆಳೆದರು. ಟಾರ್ ರೋಡಿಗೆ ಅದು ಬೇಕಿಲ್ಲ, ಸುಮ್ಮನೆ ತಿರುಗಿ ಡೀಸೆಲ್ ಕುಡಿಯುತ್ತದೆ. ಮೈಲೇಜು ಹತ್ತೂವರೆಗೆ ಏರಿತು.

"ಹಿಂದಿನ ಶಾಫ್ಟಿನ ಜಾಯಿಂಟು ಒಣಗೋಗಿದೆ ಸಾರ್," ಅಂದರು ನಜೀರ್. "ಗ್ರೀಸ್ ಹೊಡೆದು, ಟೈರಿಗೆ ಗಾಳಿ ಸರಿ ಮಾಡಿದ್ರೆ ಹನ್ನೆರಡು ಬಂದೇ ಬರುತ್ತೆ."

"ಗ್ರೀಸಿಗೆ ಟೆಂಡರ್ ಕರೀಬೇಕು ಸಾಬ್ರೇ," ಅಂದರು ಆಂಜನಪ್ಪನವರು. " ಬಿಚ್ಚೋಕೆ ಟೆಂಡರ್ ಬೇಡ. ಮುಂದಿಂದು ತೆಗೆದ್ರೆ ಒಂದೂವರೆ ಜಾಸ್ತಿ ಆಯ್ತು. ಹಿಂದಿಂದೂ ತೆಗೀರಿ."

"ಅದು ತೆಗೆದ್ರೆ ಗಾಡಿ ಹೋಗಲ್ಲ ಸಾರ್."

"ಹೋಗೋದು ಬಿಡೋದು ಸುತ್ತೋಲೇಲಿ ಇಲ್ಲ."

ನಜೀರ್ ತೆಗೆದರು. ಡ್ರೈವರ್ ಕದರಯ್ಯ ಟಾಪ್ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದ. ಜೀಪು ನಿಂತಲ್ಲೇ ಗುರ್ ಅಂದಿತು, ಮೀಟರು ಮಾತ್ರ ಓಡಿತು. ಯಾಕೆಂದರೆ ಆ ಗಾಡಿಯಲ್ಲಿ ಮೀಟರಿನ ತಂತಿ ಸೇರಿರುವುದು ಗೇರ್ ಬಾಕ್ಸಿಗೆ, ಚಕ್ರಕ್ಕಲ್ಲ. ಚಕ್ರದ ಭಾರವೇ ಇಲ್ಲದ ಎಂಜಿನ್ನು ಲೀಟರಿಗೆ ಮೂವತ್ತೊಂದು ಕೊಟ್ಟಿತು. ಆಂಜನಪ್ಪನವರು ಬಾನೆಟ್ಟಿಗೆ ಕುಂಕುಮ ಇಟ್ಟರು.

ಅಂದಿನಿಂದ ಘಟಕ ಚುರುಕಾಯಿತು. ಸಂಚಾರದ ವೇಳೆ ಅಧಿಕಾರಿಯು ವಾಹನದಲ್ಲಿ ಕೂತಿರತಕ್ಕದ್ದು ಎಂಬ ನಿಯಮವಿರುವುದರಿಂದ ಸಾಹೇಬರು ದಿನಾ ಹತ್ತಕ್ಕೆ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಮೀಟರು ನಲವತ್ತು ದಾಟಿದ ಮೇಲೆ ಇಳಿದು, ದಣಿವಾಯಿತು ಅಂತ ಮುಖ ತೊಳೆಯುತ್ತಿದ್ದರು. ಗಾಳಿಯಿಲ್ಲದೆ ಕಾಯುವ ರೇಡಿಯೇಟರಿಗೆ ಕದರಯ್ಯ ದಿನಕ್ಕೆ ಎಂಟು ಬಿಂದಿಗೆ ನೀರು ಸುರಿಯುತ್ತಿದ್ದ. ನಾನು ಲಾಗ್ ಬುಕ್ಕಿನಲ್ಲಿ "ಚೇಳೂರು ಹಟ್ಟಿ, ಪಂಪು ತಪಾಸಣೆ" ಎಂದು ಹನ್ನೊಂದು ಸಲ ಬರೆದೆ.

ಏಪ್ರಿಲಿನಲ್ಲಿ ತಿಪ್ಪಮ್ಮ ಖುದ್ದಾಗಿ ಬಂದಳು. ಶೆಡ್ಡಿನಲ್ಲಿ ಎಂಜಿನ್ ಗುರುಗುಡುತ್ತಿತ್ತು.

"ಎಲ್ಲಿಗಪ್ಪಾ ಹೊಂಟಿದ್ದೀರಿ?" ಅಂತ ಕದರಯ್ಯನನ್ನು ಕೇಳಿದಳು.

"ನಿಮ್ಮೂರಿಗೇ ಕಣಮ್ಮ."

"ಯಾವಾಗ ಬತ್ತೀರಿ?"

ಕದರಯ್ಯ ಮೀಟರು ನೋಡಿದ. "ಇನ್ನು ನಾಕು ಕಿಲೋಮೀಟ್ರು ಐತೆ."

ಆಕೆ ಬಗ್ಗಿ ಚಕ್ರ ನೋಡಿದಳು, ಸಾಹೇಬರನ್ನು ನೋಡಿದಳು. "ಗಾಡಿ ನಿಂತೇ ಐತಲ್ಲ ಸ್ವಾಮಿ. ನನ್ ಮಗ್ಳು ಬಾಣಂತಿ, ಬಟ್ಟೆ ಒಗೆಯಾಕೂ ನೀರಿಲ್ಲ."

"ನೋಡಮ್ಮ, ನಿನ್ನ ಹಟ್ಟಿಗೆ ನಾವು ಹನ್ನೊಂದು ಸಲ ಬಂದಿದೀವಿ. ಆಗೆಲ್ಲ ನೀನು ಎಲ್ಲಿದ್ದೆ?"

"ನೀರಿಗೋಗಿದ್ದೆ ಸ್ವಾಮಿ."

"ನೋಡಿದ್ಯಾ? ಮನೇಲಿ ಇರಲ್ಲ, ಆಮೇಲೆ ಆಫೀಸಿನೋರು ಬರಲಿಲ್ಲ ಅಂತೀರಿ."

ಪಕ್ಕದಲ್ಲಿ ಸ್ಪ್ಯಾನರ್ ಒರೆಸುತ್ತಿದ್ದ ನಜೀರ್, "ನಾಯಿಗೆ ಕೆಲಸ ಇಲ್ಲ, ಕೂರೋಕೆ ಹೊತ್ತಿಲ್ಲ" ಅಂತ ಗೊಣಗಿದರು. ನನಗೆ ನಾಚಿಕೆಯಾಯಿತು. ಲಾಗ್ ಬುಕ್ಕಿನಲ್ಲಿ ನಾಚಿಕೆಗೆ ಕಾಲಂ ಇಲ್ಲದ್ದರಿಂದ ಹನ್ನೆರಡನೇ ಸಂಚಾರವನ್ನು ನಮೂದಿಸಿದೆ.

ಮೇ ತಿಂಗಳಲ್ಲಿ ತುಮಕೂರಿನ ಸಭೆಯಲ್ಲಿ ನಮ್ಮ ಘಟಕಕ್ಕೆ ಇಂಧನ ಉಳಿತಾಯದ ಮೊದಲ ಬಹುಮಾನ ಸಿಕ್ಕಿತು. ಕುಣಿಗಲ್ ಘಟಕದವರು ಅಧ್ಯಯನಕ್ಕೆ ಬಂದು, ಮರುದಿನವೇ ತಮ್ಮ ಶಾಫ್ಟುಗಳನ್ನು ಬಿಚ್ಚಿದರು. ಜೂನಿನಲ್ಲಿ ಹೊಸ ಸುತ್ತೋಲೆ ಹೊರಟಿತು. "ಗುಬ್ಬಿ ವಿಧಾನವನ್ನು ಘಟಕದ ಸುಪರ್ದಿಯಲ್ಲಿರುವ ಎಲ್ಲಾ ಯಂತ್ರಗಳಿಗೂ ಅನ್ವಯಿಸತಕ್ಕದ್ದು."

ಯಂತ್ರ ಅಂದರೆ ಕೈಪಂಪೂ ಸೇರಿತು. ತಿಪ್ಪಮ್ಮನ ಅರ್ಜಿ ಕೊನೆಗೂ ಮೇಲೆ ಬಂತು. "ಹಿಡಿ ಒತ್ತಿ ರಟ್ಟೆ ಬಿದ್ದಿದೆ" ಎಂಬ ಸಾಲಿಗೆ ಸಾಹೇಬರು ಕೆಂಪು ಗೆರೆ ಎಳೆದು, ತೊಂದರೆ ಇರುವುದು ಭಾರದಲ್ಲಿ ಎಂದು ಷರಾ ಬರೆದರು. ಹಿಡಿಯಿಂದ ಕೊಳವೆಯ ತಳಕ್ಕೆ ಇಳಿದು ನೀರನ್ನೆತ್ತುವ ಕಬ್ಬಿಣದ ಸರಳೇ ಆ ಭಾರ. ಅದನ್ನು ತೆಗೆದರೆ ನೀರೆತ್ತೋದು ಯಾರು ಸಾರ್ ಅಂತ ಕೇಳಿದ ನಜೀರ್‌ರನ್ನು ಈ ಕೆಲಸಕ್ಕೆ ಕರೆಯಲಿಲ್ಲ. ಜೀಪಿನಲ್ಲಿ ಹೋದೆವೆಂದು ಬರೆದು ಚೇಳೂರಿನ ಬಸ್ಸಿನಲ್ಲಿ ಹೋದೆವು.

ಸರಳು ಹೊರಬಂತು. ಸಾಹೇಬರು ಹಿಡಿಯನ್ನು ಕಿರುಬೆರಳಲ್ಲಿ ಒತ್ತಿ ತೋರಿಸಿದರು. ತಿಪ್ಪಮ್ಮನೂ ಒತ್ತಿದಳು, ಬೆಣ್ಣೆಯಂತೆ ಇಳಿಯಿತು.

"ಹಗುರಾಯ್ತಾ?"

"ಆಯ್ತು ಸ್ವಾಮಿ. ನೀರು?"

"ನೀರು ಬೇರೆ ಇಲಾಖೆ ಕಣಮ್ಮ. ನಮ್ಮದು ಪಂಪು. ದಿನಾ ಒತ್ತುತಾ ಇರಿ. ಬಳಕೇಲಿಲ್ಲದ ಪಂಪನ್ನ ಕಿತ್ಕೊಂಡು ಹೋಗ್ಬೇಕು ಅಂತ ನಿಯಮ ಇದೆ."

ಹಟ್ಟಿಯವರು ಕೂತು ಮಾತಾಡಿ ಸರದಿ ಮಾಡಿಕೊಂಡರು. ಇದೊಂದು ಪಂಪೂ ಹೋದರೆ ಇನ್ನೊಂದು ಕೊಡುವವರು ಯಾರು? ಈಗ ದಿನಾ ಬೆಳಿಗ್ಗೆ ಮನೆಗೊಬ್ಬರಂತೆ ಬಂದು ಹತ್ತತ್ತು ಸಲ ಹಿಡಿ ಒತ್ತುತ್ತಾರೆ. ತಿಪ್ಪಮ್ಮನ ಸರದಿ ಆರು ಗಂಟೆಗೆ. ಒಂದೂ ತಪ್ಪದಂತೆ ಎಣಿಸಿ ಒತ್ತಿ, ಖಾಲಿ ಕೊಡವನ್ನು ಸೊಂಟಕ್ಕೇರಿಸಿಕೊಂಡು ತೋಟದ ಕಡೆಗೆ ನಡೆಯುತ್ತಾಳೆ.