ಚುಕ್ಕಿ ತಪ್ಪದ ರೂಟರು

ಉತ್ಸಾಹ ಬಂದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ. ಜಾವಳಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ರೈಟರಾಗಿದ್ದೇನೆ. ಆಳುಗಳ ಹಾಜರಿ ಬರೆಯುವುದು, ಮಳೆ ಅಳೆಯುವುದು, ಎರಡನ್ನೂ ಧಣಿಗಳಿಗೆ ಒಪ್ಪಿಸುವುದು, ಇಷ್ಟು ಗೊತ್ತು. ಹೀಗಿದ್ದವನು, "ರೂಟರು, ವಿಪಿಎನ್ ಎಲ್ಲ ನಾನೇ ಕೂರಿಸ್ತೀನಿ, ಮಂಗಳೂರಿಂದ ಯಾರನ್ನೂ ಕರೆಸಬೇಡಿ" ಅಂದುಬಿಟ್ಟೆ. ಮೊಬೈಲಿನಲ್ಲಿ ಹನ್ನೊಂದು ನಿಮಿಷದ ಒಂದು ವಿಡಿಯೊ ನೋಡಿದ್ದೇ ನನ್ನ ವಿದ್ಯಾಭ್ಯಾಸ. ಧಣಿಗಳು ಕೂರುವುದು ಚಿಕ್ಕಮಗಳೂರಿನ ಆಫೀಸಿನಲ್ಲಿ. ಅಲ್ಲಿನ ಕಂಪ್ಯೂಟರಿನಲ್ಲಿರುವ ಹಾಜರಿ ಪುಸ್ತಕವನ್ನು ನಾನು ತೋಟದಲ್ಲಿ ಕೂತೇ ತೆರೆದು ಬರೆಯಬೇಕು. ಅದಕ್ಕಾಗಿ ಇಂಟರ್ನೆಟ್ಟಿನೊಳಗೆ ನಮ್ಮ ಎರಡು ಆಫೀಸುಗಳಿಗೆ ಮಾತ್ರ ಮಾಡಿಕೊಳ್ಳುವ ಗುಟ್ಟಿನ ದಾರಿಯೇ ಈ ವಿಪಿಎನ್. "ಶುಕ್ರವಾರದೊಳಗೆ ಆಗ್ಬೇಕು ರೈಟರೇ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಕಂಪ್ಯೂಟರು ಗೊತ್ತಿರೋ ಒಬ್ರನ್ನ ತಗೋತೀನಿ" ಅಂದರು ಧಣಿಗಳು. ತೋಟದ ಆಫೀಸಿನಲ್ಲಿರುವುದು ಒಂದೇ ಕುರ್ಚಿ.

ಸೋಮವಾರ ಚಿಕ್ಕಮಗಳೂರಿಗೆ ಹೋಗಿ ಅಲ್ಲಿನ ರೂಟರಿನ ಸೆಟ್ಟಿಂಗ್ ಪುಟಗಳಲ್ಲಿದ್ದ ನಂಬರುಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಂದೆ. ರೈಟರ ಕೆಲಸದ ಜೀವವೇ ನಕಲು. ಕಚ್ಚಾ ಪುಸ್ತಕದಿಂದ ಪಕ್ಕಾ ಪುಸ್ತಕಕ್ಕೆ ಬರೆಯುವಾಗ ಒಂದು ದಿನವೂ ಒಂದು ಸೊನ್ನೆ ತಪ್ಪಿದವನಲ್ಲ ನಾನು. ತೋಟದ ಹೊಸ ರೂಟರಿಗೂ ಅದೇ ನಂಬರುಗಳನ್ನು ಚುಕ್ಕಿ ಸಮೇತ ತುಂಬಿದೆ. ವಿಪಿಎನ್ ಒತ್ತಿದ ಕೂಡಲೇ 'ಕನೆಕ್ಟೆಡ್' ಎಂದು ಹಸಿರು ಅಕ್ಷರ ಮೂಡಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಹೆಂಡತಿಗೆ, ಆಲ್ದೂರಿನ ಭಾವನಿಗೆ, ಕೊನೆಗೆ ರಾಂಗ್ ನಂಬರಿನಲ್ಲಿ ಸಿಕ್ಕ ಯಾರೋ ಗೊಬ್ಬರದಂಗಡಿಯವರಿಗೂ ಸುದ್ದಿ ಹೇಳಿದೆ. ಆಮೇಲೆ ಹಾಜರಿ ಪುಸ್ತಕ ತೆರೆಯಲು ಹೋದರೆ ಅದು ತೆರೆಯಲಿಲ್ಲ.

ದಾರಿ ಇದೆ, ಊರು ಸಿಗುತ್ತಿಲ್ಲ. ತಪ್ಪು ನನ್ನದಲ್ಲ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಮೂಡಿಗೆರೆಯಿಂದ ಕೇಬಲ್ ಲೈನಿನ ಸುಂದರನನ್ನು ಕರೆಸಿದೆ. ಮಂಗಳವಾರ ಅವನು ಸಿಲ್ವರ್ ಓಕ್ ಮರಗಳಿಗೆ ಕಟ್ಟಿದ ಕೇಬಲ್ಲನ್ನು ಗೇಟಿನವರೆಗೂ ಹತ್ತಿ ಇಳಿದು ನೋಡಿದ. ಗುರುವಾರ ಮತ್ತೆ ಕರೆಸಿ, ಕೇಬಲ್ಲಿಗೆ ತಾಗುವ ಕೊಂಬೆಗಳನ್ನೆಲ್ಲ ಕಡಿಸಿದೆ. ಲೈನು ಚೆನ್ನಾಗಿದೆ ಎಂದು ಅವನು ಹೇಳಿದಷ್ಟೂ ಅವನ ಮೇಲೆ ನನ್ನ ಸಂಶಯ ಹೆಚ್ಚಾಯಿತು. ಶುಕ್ರವಾರ ಬೆಳಿಗ್ಗೆ ಮೂರನೇ ಸಲ ಬಂದವನು ಮರದ ಕಡೆ ಹೋಗಲೇ ಇಲ್ಲ. ಆಫೀಸಿನ ಮೆಟ್ಟಿಲ ಮೇಲೆ ಕೂತು ಕಾಲಿನ ಜಿಗಣೆ ಕೀಳುತ್ತ, "ಮರ ಹತ್ತಿದ್ದು ಸಾಕು ರೈಟರೇ. ಒಂದ್ಸಲ ಆ ರೂಟರಿನ ಪುಟ ತೋರ್ಸಿ ಮಾರಾಯ್ರೆ" ಅಂದ.

ತೋರಿಸಿದೆ. "ಟೌನ್ ಆಫೀಸಲ್ಲೂ ಇದೇ ನಂಬರಾ?" ಎಂದು ಕೇಳಿದ.

"ಒಂದು ಚುಕ್ಕಿ ತಪ್ಪಿಲ್ಲ" ಅಂದೆ, ಹೆಮ್ಮೆಯಿಂದಲೇ.

ಅವನು ಆ ನಂಬರಿನ ಮೇಲೆ ಬೆರಳಿಟ್ಟ. "ಅದೇ ಆಗಿದ್ದು. ಈ ನಂಬರು ಅಂದ್ರೆ ಆಫೀಸಿನ ವಿಳಾಸ ಇದ್ದ ಹಾಗೆ. ಎರಡೂ ಕಡೆ ಒಂದೇ ನಂಬರಾದ್ರೆ ಈ ಕಂಪ್ಯೂಟರು ಪುಸ್ತಕ ಇಲ್ಲೇ ಇದೆ ಅಂದ್ಕೊಂಡು ಇಲ್ಲೇ ಹುಡುಕ್ತದೆ. ಚಿಕ್ಕಮಗಳೂರಿನ ಕಡೆ ತಲೆನೇ ಹಾಕಲ್ಲ."

ತೋಟದ ನಂಬರಿನಲ್ಲಿ ಒಂದರ ಜಾಗಕ್ಕೆ ಐದು ಹಾಕಿಸಿದ. ರೂಟರು ಆರಿ ಹತ್ತಿತು. ಹಾಜರಿ ಪುಸ್ತಕ ತೆರೆಯಿತು. ಚಿಕ್ಕಮಗಳೂರಿನ ಪುಸ್ತಕ ಜಾವಳಿಯಲ್ಲಿ ನನ್ನ ಕಣ್ಣೆದುರಿಗಿತ್ತು. ನನಗೆ ಕುಣಿಯುವಷ್ಟು ಸಂತೋಷ. ಹಾಜರಿಯ ಪಕ್ಕದ ಮಳೆ ಕಾಲಮ್ಮಿನಲ್ಲಿ ಅಂದಿನ ಮಳೆ ಎರಡು ಇಂಚು ನಲವತ್ತು ಸೆಂಟು ಎಂದು ಬರೆದೆ. ಬರೆದು ಮುಗಿಸುವಷ್ಟರಲ್ಲಿ ಧಣಿಗಳ ಫೋನು ಬಂತು. ಸಂಭ್ರಮದಲ್ಲಿ ಸ್ಪೀಕರು ಹಾಕಿದೆ.

"ಭೇಷ್ ರೈಟರೇ, ಇಲ್ಲಿ ಕಾಣ್ತಾ ಇದೆ. ಏನಾಗಿತ್ತು?"

ಸುಂದರ ಎದುರಿಗೇ ಕಾಫಿ ಕುಡಿಯುತ್ತಿದ್ದ. ನಿಜ ಹೇಳಬೇಕೆಂದೇ ಇದ್ದೆ. ಹೇಳಿದ್ದು ಮಾತ್ರ, "ಲೈನಲ್ಲಿ ಸ್ವಲ್ಪ ತೊಂದರೆ ಇತ್ತು, ಸರಿ ಮಾಡಿಸಿದೆ" ಎಂದು.

"ಹಾಗಾದ್ರೆ ಸಂಸೆಲಿರೋ ನಮ್ಮ ಇನ್ನೊಂದು ತೋಟಕ್ಕೂ ನೀವೇ ಹೋಗಿ ಕೂರಿಸಿ ಬನ್ನಿ" ಅಂದರು ಧಣಿಗಳು.

ಕುರ್ಚಿ ಉಳಿಯಿತು. ಸುಂದರನ ಮುಖ ನೋಡಲು ನನಗೆ ನಾಚಿಕೆಯಾಗಿ, ಉಳಿದಿದ್ದ ಕಾಫಿಯನ್ನೆಲ್ಲ ಅವನ ಲೋಟಕ್ಕೆ ಬಗ್ಗಿಸಿದೆ. ಅವನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ತಣ್ಣಗೆ ಹೇಳಿದ:

"ಸಂಸೆಗೆ ಯಾವತ್ತು ಹೋಗ್ತೀರಿ ಅಂತ ಒಂದಿನ ಮುಂಚೆ ತಿಳ್ಸಿ ರೈಟರೇ. ಅಲ್ಲಿನ ಲೈನೂ ಅವತ್ತೇ ಹಾಳಾಗೋದಲ್ವಾ."